ಎಕ್ಸಾಮ್ ಪ್ಯಾಡ್ ಹಿಡಿದು ನಡೆದರೆ ನಕ್ಷೆ ಬರುತ್ತದೆ

ಒಂಬತ್ತನೇ ಕ್ಲಾಸಿನ ಚಲನೆ ಪಾಠದ ದೂರ-ಕಾಲ ನಕ್ಷೆಗೆ, ಅಂದರೆ ಗ್ರಾಫಿಗೆ, ಆರ್ಡುಯಿನೊ ಎಂಬ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡು ತರುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. 'ಗ್ರಾಫ್ ಶೀಟು, ಪೆನ್ಸಿಲ್ ಸಾಕಲ್ವಾ ಸಾರ್? ಬರೋದೇ ಮೂರ್ನಾಲ್ಕು ಮಾರ್ಕ್ಸು' ಎಂದರು ಹಿರಿಯರೊಬ್ಬರು. ಮಾರ್ಕ್ಸು ಹೇಗೋ ಬರುತ್ತದೆ, ಒಪ್ಪಿದೆ. ಟೇಬಲ್ ಕೊಟ್ಟರೆ ನಮ್ಮ ಮಂಡ್ಯದ ಯಾವ ಹುಡುಗನೂ ಚುಕ್ಕೆ ಇಟ್ಟು ಗೆರೆ ಎಳೆಯುತ್ತಾನೆ. ಅದೇ ಗೆರೆ ತೋರಿಸಿ 'ಇವನು ಏನು ಮಾಡಿದ ಹೇಳಪ್ಪ' ಅಂದರೆ 'ಗುಡ್ಡ ಹತ್ತಿ ಇಳಿದ ಸಾ' ಎನ್ನುತ್ತಾನೆ. ನಿಮ್ಮ ಕ್ಲಾಸಿನಲ್ಲೂ ಈ ಗುಡ್ಡ ಇದ್ದೇ ಇರುತ್ತದೆ.

ಮೊದಲು ಬೀರುವಿನಲ್ಲಿದ್ದ ಟಿಕರ್ ಟೈಮರ್ ತೆಗೆದೆ. ಎಳೆದ ಕಾಗದದ ಟೇಪಿನ ಮೇಲೆ ಸಮ ಸಮಯಕ್ಕೊಂದು ಚುಕ್ಕೆ ಒತ್ತುವ ಯಂತ್ರ ಅದು. ಟೇಪು ಸಿಕ್ಕಿಕೊಳ್ಳುತ್ತಿತ್ತು, ಕಾರ್ಬನ್ ಮಸುಕಾಗುತ್ತಿತ್ತು, ಕರೆಂಟ್ ಹೋದರೆ ಎಲ್ಲ ನಿಂತಿತು. ಅದನ್ನೆಲ್ಲ ಸಹಿಸಬಹುದು. ಆದರೆ ಸೆಕೆಂಡಿಗೆ 50 ಚುಕ್ಕೆ. ಎಣಿಸಿ, ಅಳೆದು, ನಕ್ಷೆ ಮಾಡುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ. ತಾನು ಟೇಪನ್ನು ಹೇಗೆ ಎಳೆದೆ ಎಂಬುದೇ ಹುಡುಗನಿಗೆ ಮರೆತಿರುತ್ತದೆ.

ಆಮೇಲೆ ಸೈಕಲ್ಲು ಮತ್ತು ಸಲೈನ್ ಪೈಪು. ಮೆಡಿಕಲ್ ಸ್ಟೋರಿನಲ್ಲಿ ಡ್ರಿಪ್ ಸೆಟ್ ತಂದು, ಬಣ್ಣದ ನೀರಿನ ಬಾಟಲಿಯನ್ನು ಕ್ಯಾರಿಯರ್ ಮೇಲೆ ಕಟ್ಟಿದೆವು. ಸೆಕೆಂಡಿಗೊಂದು ಹನಿ ಬೀಳುವಂತೆ ಪೈಪಿನ ಮೇಲಿನ ಪುಟ್ಟ ಗಾಲಿ ತಿರುಗಿಸಿ ಮಣ್ಣಿನ ಮೈದಾನದಲ್ಲಿ ಸೈಕಲ್ ಬಿಟ್ಟೆವು. ಹನಿಗಳ ನಡುವಿನ ಅಂತರ ನೋಡಿದರೆ ಜವ ಹೆಚ್ಚಿದ್ದು, ಇಳಿದದ್ದು ಗೊತ್ತಾಗುತ್ತಿತ್ತು. ನನಗೆ ಈಗಲೂ ಇಷ್ಟವಾದ ಪ್ರಯೋಗ ಇದು. ಖರ್ಚು ನೂರು ರೂಪಾಯಿ ದಾಟುವುದಿಲ್ಲ. ತೊಂದರೆ ಏನೆಂದರೆ ಬಾಟಲಿಯ ನೀರು ಇಳಿದಂತೆ ಹನಿಯೂ ನಿಧಾನವಾಗುತ್ತದೆ, ಮತ್ತೆ ಮತ್ತೆ ಗಾಲಿ ತಿರುಗಿಸಬೇಕು. ಬಿಸಿಲಿಗೆ ಮೊದಲ ಹನಿಗಳು ಅಳೆಯುವ ಮೊದಲೇ ಒಣಗಿಬಿಡುತ್ತವೆ.

ಕೊನೆಗೆ ಆರ್ಡುಯಿನೊಗೆ ಜೋಡಿಸಿದ ಅಲ್ಟ್ರಾಸೋನಿಕ್ ಸೆನ್ಸರು. ಕಿವಿಗೆ ಕೇಳದ ಶಬ್ದ ಬಿಟ್ಟು, ಅದು ತಾಗಿ ವಾಪಸ್ ಬರುವ ಸಮಯದಿಂದ ದೂರ ಅಳೆಯುತ್ತದೆ. ಡೂಪ್ಲಿಕೇಟ್ ಆರ್ಡುಯಿನೊ ಊನೊ ಬೋರ್ಡು ನಾನ್ನೂರು ಚಿಲ್ಲರೆ, ಸೆನ್ಸರ್ ನೂರರ ಆಸುಪಾಸು, ವೈರುಗಳಿಗೆ ಇನ್ನೊಂದು ಐವತ್ತು. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದರೆ ಸ್ವಲ್ಪ ಕಮ್ಮಿ, ಆದರೆ ಬಸ್ ಚಾರ್ಜ್ ಸೇರಿಸಿದರೆ ಅಲ್ಲಿಗಲ್ಲಿಗೆ. ಮಕ್ಕಳು ಪ್ಲಸ್ಸು ಗ್ರೌಂಡು ಅದಲು ಬದಲು ಮಾಡಿ ಕೆಲವು ಸೆನ್ಸರ್ ಸುಟ್ಟವು. ಹಾಗಾಗಿ ಒಂದೆರಡು ಎಕ್ಸ್‌ಟ್ರಾ ಇರಲಿ. ಎಲ್ಲ ಸ್ವಂತ ದುಡ್ಡು. ಒಂದು ಸಾವಿರ ಸಾವಿರದಿನ್ನೂರು ಹೋಗಿರಬಹುದು.

ಶುರುವಿನಲ್ಲಿ ಗೆರೆ ಹುಚ್ಚಾಪಟ್ಟೆ ಕುಣಿಯುತ್ತಿತ್ತು. ಯೂನಿಫಾರಂ ಬಟ್ಟೆ ಶಬ್ದವನ್ನು ನುಂಗುತ್ತದೆ, ಸರಿಯಾಗಿ ವಾಪಸ್ ಕಳಿಸುವುದಿಲ್ಲ. ಎಕ್ಸಾಮ್ ಪ್ಯಾಡನ್ನು ಎದೆಗೆ ಆನಿಸಿ ಹಿಡಿದುಕೊಳ್ಳಿ ಅಂದೆ. ಗೆರೆ ತಣ್ಣಗಾಯಿತು! ಸ್ಟೂಲಿನ ಮೇಲೆ ಸೆನ್ಸರ್, ಎದುರಿಗೆ ಮೂರು ಮೀಟರ್ ಜಾಗ, ಗೋಡೆಯ ಮೇಲೆ ಪ್ರೊಜೆಕ್ಟರ್. ನಡೆದಂತೆಲ್ಲ ನಕ್ಷೆ ಬರುತ್ತದೆ. ನಿಂತರೆ ಅಡ್ಡ ಗೆರೆ, ಸೆನ್ಸರ್ ಕಡೆ ಬಂದರೆ ಗೆರೆ ಇಳಿಯುತ್ತದೆ, ಜೋರಾಗಿ ಬಂದರೆ ಕಡಿದಾಗಿ ಇಳಿಯುತ್ತದೆ. ಗುಡ್ಡ ಅಂದವನೇ 'ಇವನು ದೂರ ಹೋಗಿ ವಾಪಸ್ ಬಂದವ್ನೆ ಸಾ' ಎಂದ. ನಾನು ಬಾಯಿ ಬಿಟ್ಟಿರಲಿಲ್ಲ.

ನನ್ನ ಕ್ರಮ ಇಷ್ಟೇ. ಬ್ಲ್ಯಾಕ್ ಬೋರ್ಡಿನ ಮೇಲೆ ಮೊದಲು ನಾನೊಂದು ನಕ್ಷೆ ಬರೆಯುತ್ತೇನೆ, ಮಕ್ಕಳು ಅದನ್ನು ನಡೆದು ತೋರಿಸಬೇಕು. ಒಮ್ಮೆ ಬೇಕೆಂದೇ ನೆಟ್ಟಗೆ ನಿಂತ ಗೆರೆ ಬರೆದೆ. ಒಬ್ಬ ಓಡಿದ, ಗೆರೆ ವಾಲಿತು. ಇನ್ನೊಬ್ಬ ನೆಗೆದ, ಆಗಲೂ ವಾಲಿತು. ಒಬ್ಬಳು ಸುಮ್ನೆ ಪಕ್ಕಕ್ಕೆ ಸರಿದಳು, ಅಷ್ಟೆ. ಗೆರೆ ಚಕ್ಕನೆ ನೆಟ್ಟಗೆ ಮೇಲೆ ಹೋಯಿತು! ಕ್ಲಾಸೆಲ್ಲ ಚಪ್ಪಾಳೆ. ಹಿಂದಿನ ಬೆಂಚಿನಿಂದ ಒಬ್ಬ, 'ಮೋಸ ಸಾ, ಸೆನ್ಸರ್ ಈಗ ಗೋಡೆ ನೋಡ್ತಾ ಅದೆ' ಎಂದ. ಹಾಗಾದರೆ ಗೋಡೆ ಇಲ್ಲದಿದ್ದರೆ ಯಾಕೆ ಆಗಲ್ಲ ಎಂದು ಕೇಳಿದೆ. ಅರ್ಧ ಪೀರಿಯಡ್ ಜಗಳ ಆಡಿ, 'ಒಂದೇ ಟೈಮಿಗೆ ಎಲ್ಲಾ ಜಾಗದಲ್ಲೂ ಇರಬೇಕಾಗುತ್ತೆ' ಎಂಬಲ್ಲಿಗೆ ಅವರೇ ಬಂದರು. ಸ್ಟಾಫ್ ರೂಮಿನ ಹಿರಿಯರು ಅವತ್ತು ಬಾಗಿಲಲ್ಲಿ ನಿಂತು ನೋಡಿದರು. ಮಾರನೇ ವಾರ ತಮ್ಮ ಸೆಕ್ಷನ್ನಿಗೂ ಕೇಳಿಕೊಂಡು ಹೋದರು.

ಎರಡು ಗೆರೆ ಕತ್ತರಿಸಿದರೆ ಏನರ್ಥ ಎಂಬುದಕ್ಕೆ ಸೆನ್ಸರಿಗಿಂತ ರೈಲು ಒಳ್ಳೆಯದು. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಸ್ಟೇಷನ್‌ಗಳನ್ನು ಎಡಗಡೆ ಬರೆದು, ಟೈಮ್ ಟೇಬಲ್ ನೋಡಿ ಎದುರುಬದುರು ಬರುವ ರೈಲುಗಳ ಗೆರೆ ಎಳೆಸಿ. ಕತ್ತರಿಸಿದ ಕಡೆ ಅವು ಭೇಟಿಯಾಗುತ್ತವೆ, ಜವ ಒಂದೇ ಆಗುವುದಲ್ಲ. ಒಂದೇ ಹಳಿ ಇದ್ದಾಗ ಆ ಭೇಟಿ ಯಾವುದಾದರೂ ಸ್ಟೇಷನ್ನಿನಲ್ಲೇ ಆಗಬೇಕಿತ್ತು. ಈಗ ಜೋಡಿ ಹಳಿ, ಎಲ್ಲಿ ಬೇಕಾದರೂ ಆಗಬಹುದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ್ದು ಈ ಜೋಡಿ ಹಳಿಗಾಗಿಯೇ ಎಂದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ.

ವೇಗ-ಕಾಲ ನಕ್ಷೆ ಮಾತ್ರ ಬೆವರಿಳಿಸಿತು. ನನ್ನ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ ಸುಮಾರು 15 ರೀಡಿಂಗ್, ಅಕ್ಕಪಕ್ಕದ ಎರಡು ರೀಡಿಂಗಿನ ವ್ಯತ್ಯಾಸದಿಂದ ವೇಗ ತೆಗೆಯಬೇಕು. ಒಂದು ರೀಡಿಂಗ್ ಒಂದು ಸೆಂಟಿಮೀಟರ್ ಆಚೀಚೆ ಆದರೂ ವೇಗದಲ್ಲಿ ಸೆಕೆಂಡಿಗೆ 15 ಸೆಂಟಿಮೀಟರ್ ತಪ್ಪು ಬರುತ್ತದೆ. ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಅದನ್ನು ನಯ ಮಾಡಲು ಕೋಡಿನಲ್ಲಿ ನಾಲ್ಕು ಸಾಲು ಸೇರಿಸಿದ್ದೇನೆ. ಆ ಸಾಲುಗಳನ್ನು ಇಲ್ಲಿ ಹಾಕುವುದಿಲ್ಲ, ಹುಡುಕಲಿಕ್ಕೆ ನನಗೆ ಬೇಸಿಗೆ ರಜೆಯೇ ಹಿಡಿಯಿತು. ಸುಳಿವು ಬೇಕಾದರೆ ಒಂದು ಕೊಡುತ್ತೇನೆ: ಸರಾಸರಿ ತೆಗೆಯಲು ಹೋಗಬೇಡಿ, ಒಂದು ಕೆಟ್ಟ ರೀಡಿಂಗ್ ಉಳಿದದ್ದನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ.