ಅಮೆರಿಕದ ಕಾಲೇಜು ಫುಟ್‌ಬಾಲ್ ರ‍್ಯಾಂಕಿಂಗ್ ನೋಡುವಾಗ ಏನು ಕೇಳಬೇಕು?

ಮೊದಲು ಓಟು ಹಾಕಿದ್ದು ಯಾರು ಅಂತ ನೋಡಿ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಿಂದ ನಡೆಸುತ್ತಿರುವ ಎಪಿ ಪೋಲ್‌ನಲ್ಲಿ (ಓಟಿನ ಮೇಲೆ ತಂಡಗಳ ರ‍್ಯಾಂಕಿಂಗ್) ಓಟು ಹಾಕುವವರು ಕ್ರೀಡಾ ಪತ್ರಕರ್ತರು. ಮೊದಲ ಸ್ಥಾನಕ್ಕೆ 25 ಅಂಕ, ಎರಡನೆಯದಕ್ಕೆ 24, ಹೀಗೆ ಇಳಿಯುತ್ತಾ 25ನೇ ತಂಡಕ್ಕೆ 1. ಯಾರು ಯಾವ ತಂಡವನ್ನು ಎಲ್ಲಿಟ್ಟರು ಅನ್ನೋದು ಪ್ರತಿ ವಾರ ಬಹಿರಂಗ. ಒಬ್ಬರೇ ಒಂದು ತಂಡವನ್ನು ಸುಮ್ನೆ ಮೇಲಕ್ಕೆತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಕೋಚ್‌ಗಳ ಪೋಲ್ ಹಾಗಲ್ಲ. ವಾರವಾರದ ಓಟು ಗುಟ್ಟು, ಲೀಗ್ ಹಂತ ಮುಗಿದ ಮೇಲಿನ ಓಟು ಮಾತ್ರ ಹೊರಗೆ ಬರುತ್ತದೆ. ತಮ್ಮ ತಂಡಕ್ಕೂ ಎದುರಾಳಿಗೂ ಅವರೇ ಓಟು ಹಾಕಬಹುದು! ಶನಿವಾರ ತಮ್ಮದೇ ಪಂದ್ಯ ಇರುವ ಕೋಚ್ ಉಳಿದ ಪಂದ್ಯಗಳನ್ನು ಯಾವಾಗ ನೋಡುತ್ತಾರೋ, ನನಗಂತೂ ಇದರ ಮೇಲೆ ನಂಬಿಕೆ ಕಡಿಮೆ.

ಆಮೇಲೆ ಸೀಸನ್ ಶುರುವಾಗುವ ಮುಂಚಿನ ಆಗಸ್ಟ್‌ನ ಪಟ್ಟಿ ತೆಗೆದು ಈಗಿನದರ ಪಕ್ಕ ಇಡಿ. ಒಂದೂ ಪಂದ್ಯ ಆಡದೆ ಮೇಲೆ ಕೂತ ದೊಡ್ಡ ಹೆಸರಿನ ತಂಡ ಸೋತರೂ ನಿಧಾನಕ್ಕೆ ಇಳಿಯುತ್ತದೆ, ಕೆಳಗಿನ ತಂಡ ಗೆಲ್ಲುತ್ತಲೇ ಇದ್ದರೂ ಕಾಯಬೇಕು. ಇದು ನ್ಯಾಯ ಅಲ್ಲ, ಅಲ್ವಾ?

ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ನಾಕೌಟ್ ಪಂದ್ಯಗಳಿಗೆ, ತಂಡ ಆರಿಸುವ ಸಮಿತಿಯೇ ಬೇರೆ. ಸದಸ್ಯರು 13. ತಮಗೆ ನಂಟಿರುವ ಕಾಲೇಜಿನ ಚರ್ಚೆ ಬಂದಾಗ ಹೊರಗೆ ಹೋಗಬೇಕು ಅನ್ನುವ ನಿಯಮ ಇದೆ, ಆದರೆ ಯಾರ ಓಟು ಯಾರಿಗೆ ಅಂತ ಹೇಳುವುದಿಲ್ಲ. 2023ರಲ್ಲಿ ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದರೂ ಅದನ್ನು ಬಿಟ್ಟು, ಒಂದು ಸೋತಿದ್ದ ಅಲಬಾಮಾವನ್ನು ಆರಿಸಿದರು. ಫ್ಲೋರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್‌ಗೆ (ತಂಡದ ದಾಳಿ ನಡೆಸುವ ಮುಖ್ಯ ಆಟಗಾರ) ಗಾಯ ಆಗಿತ್ತು ಅನ್ನೋದೂ ಲೆಕ್ಕಕ್ಕೆ ಬಂತು. ಹಾಗಾಗಿ ಸಮಿತಿಯ ಪಟ್ಟಿ ಬಂದಾಗ ಸೋಲು-ಗೆಲುವಿಗಿಂತ ಅಧ್ಯಕ್ಷರು ಕೊಡುವ ಕಾರಣ ಗಮನಿಸಿ, ಹೋದ ವಾರದ ಕಾರಣದ ಜೊತೆ ಹೊಂದುತ್ತಾ ನೋಡಿ.