ಸೋಮವಾರ ಫೋನ್ ಯಾರು ಎತ್ತಬೇಕು?

ಭಾನುವಾರ ಎಲ್ಲರಿಗೂ ರಜೆ, ಚರ್ಚ್ ನಡೆಸುವ ಸಭಾಪಾಲಕರಿಗೆ ಮಾತ್ರ ಅವತ್ತೇ ಕೈತುಂಬಾ ಕೆಲಸ. ಅದಕ್ಕೇ ನಾನು ಸೋಮವಾರ ರಜೆ ಇಟ್ಟುಕೊಂಡೆ, ಸಭೆಯಲ್ಲೂ ಹೇಳಿದೆ. ಹೇಳಿದ ಮಾತ್ರಕ್ಕೆ ಫೋನ್ ಸುಮ್ನಿರುತ್ತಾ? ಯಾರಿಗೋ ಆಪರೇಷನ್, ಯಾರ ಮನೆಯಲ್ಲೋ ಜಗಳ, ಕ್ವಾಯರ್‌ನಲ್ಲಿ ಮನಸ್ತಾಪ. ಆ ದಿನದ ಹೊಣೆ ಇನ್ನೊಬ್ಬರ ಕೈಗೆ ಹೋಗದೆ ರಜೆ ಅನ್ನೋದು ಹೆಸರಿಗಷ್ಟೇ.

ಬೈಬಲ್‌ನ ವಿಮೋಚನಕಾಂಡ 18ರಲ್ಲಿ ಮೋಶೆ ಬೆಳಗಿನಿಂದ ಸಂಜೆವರೆಗೆ ಜನರ ವ್ಯಾಜ್ಯ ಕೇಳುತ್ತ ಕೂತಿರುತ್ತಾನೆ. ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಅಂತಾನೆ ಮಾವ ಇತ್ರೋ. ಸಾವಿರ, ನೂರು, ಐವತ್ತು, ಹತ್ತು ಜನಕ್ಕೊಬ್ಬ ಮುಖ್ಯಸ್ಥನನ್ನು ನೇಮಿಸು, ಕಷ್ಟದ ವ್ಯಾಜ್ಯ ಮಾತ್ರ ನಿನ್ನ ಹತ್ತಿರ ಬರಲಿ ಅನ್ನೋದು ಅವನ ಸಲಹೆ. ಇದರ ಮೇಲೆ ಪ್ರಸಂಗ ಮಾಡದ ಪಾಸ್ಟರ್ ಇಲ್ಲ, ಪಾಲಿಸುವವರು ಕಡಿಮೆ.

ನಮ್ಮಲ್ಲಿ ಈಗ ಸೋಮವಾರದ ಫೋನ್ ಚರ್ಚ್‌ನ ಹಿರಿಯರ ಕೈಯಲ್ಲಿರುತ್ತದೆ. ಸರದಿ ಪ್ರಕಾರವೇ. ಒಬ್ಬರ ಮೇಲೇ ಹಾಕಿದರೆ ನನ್ನ ಸುಸ್ತು ಅವರಿಗೆ ದಾಟುತ್ತದೆ ಅಷ್ಟೇ. ನನಗೆ ಯಾವಾಗ ಕರೆ ಮಾಡಬೇಕು ಅಂತಲೂ ಕೂತು ಬರೆದೆವು: ಸಾವು, ಅಪಘಾತ, ಜೀವ ಕಳೆದುಕೊಳ್ಳುವ ಮಾತಾಡುವವರು. ಉಳಿದದ್ದೆಲ್ಲ ಒಂದು ನೋಟ್‌ಬುಕ್‌ಗೆ. ಮಂಗಳವಾರ ಅದನ್ನು ತೆರೆದರೆ ಎಷ್ಟೋ ಸಾಲುಗಳ ಪಕ್ಕದಲ್ಲಿ 'ಹೋಗಿ ಪ್ರಾರ್ಥಿಸಿ ಬಂದೆ, ಈಗ ಪರವಾಗಿಲ್ಲ' ಅಂತ ಹಿರಿಯರ ಅಕ್ಷರ. ನಾನಿಲ್ಲದೆಯೂ ನಡೆಯುತ್ತೆ ಅಂತ ಮೊದಮೊದಲು ಸ್ವಲ್ಪ ಚುರುಕ್ ಅಂದದ್ದೂ ನಿಜ. 'ಪಾಸ್ಟರೇ ಬರಲಿಲ್ಲ' ಅಂತ ಗೊಣಗುವವರು ಈಗಲೂ ಇದ್ದಾರೆ, ಇರಲಿ.

ಭಾನುವಾರದ ಸಂದೇಶವನ್ನು ಶನಿವಾರ ರಾತ್ರಿ ತಯಾರಿಸೋದನ್ನು ಗುರುವಾರಕ್ಕೆ ತಂದೆ. ರಾತ್ರಿ ಪ್ರಾರ್ಥನೆ ಇದ್ದರೆ ಮರುದಿನ ಬೆಳಿಗ್ಗೆ ಮನೆ ಭೇಟಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ, ಅಂದರೆ ಕೆಲಸದ ಒತ್ತಡದಿಂದ ಬರುವ ಬಳಲಿಕೆಗೆ, ಮೂರು ಲಕ್ಷಣ ಹೇಳಿತು: ಶಕ್ತಿಯೇ ಬತ್ತಿಹೋಗೋದು, ಕೆಲಸದಿಂದ ಮನಸ್ಸು ದೂರವಾಗೋದು, ಕೆಲಸ ಕೈಹತ್ತದಿರೋದು. ನಮ್ಮಂಥವರು ಎರಡನೆಯದನ್ನು ಜಾಸ್ತಿ ಗಮನಿಸಬೇಕು. ಸಾವಿನ ಮನೆಯಲ್ಲಿ ಬಾಯಿ ತಾನಾಗಿ ಪ್ರಾರ್ಥಿಸುತ್ತಿರುತ್ತೆ, ಮನಸ್ಸು ಮುಂದಿನ ಭೇಟಿಗೆ ಹೊತ್ತಾಯಿತೇ ಅಂತ ಲೆಕ್ಕ ಹಾಕುತ್ತಿರುತ್ತೆ. ಹೊರಗಿನವರಿಗೆ ಗೊತ್ತೇ ಆಗಲ್ಲ.

ಸಾಕು, ಪ್ರಾಣ ತೆಗೆದುಬಿಡು ಅಂದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಉಪದೇಶ ಯಾವುದೂ ಇರಲಿಲ್ಲ ಅಲ್ವಾ? ನಿದ್ದೆ, ಊಟ, ರಜೆ ಎಲ್ಲ ಆದಮೇಲೂ ಮನಸ್ಸು ಮೇಲೇಳದಿದ್ದರೆ ಡಾಕ್ಟರನ್ನು ನೋಡಿ. ವಿಶ್ವಾಸಿಗಳಿಗೆ ನಾವು ಅದನ್ನೇ ತಾನೆ ಹೇಳೋದು.