ಹಾವು ಕಚ್ಚಿದಾಗ 20 ನಿಮಿಷದ ಟ್ಯೂಬ್ ಏನು ಹೇಳುತ್ತದೆ

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಳೆ ಹಿಡಿದು ಗದ್ದೆ ಕೆಲಸ ಶುರುವಾಯಿತು ಅಂದರೆ ಹಾವು ಕಚ್ಚಿಸಿಕೊಂಡು ಬರುವವರೂ ಶುರು. ಬಂದ ಕೂಡಲೇ ನಾವು ಮಾಡುವ ರಕ್ತ ಪರೀಕ್ಷೆಗೆ ಮಷೀನು ಬೇಡ, ಕರೆಂಟೂ ಬೇಡ. ಗಾಜಿನ ಟ್ಯೂಬು, ಗಡಿಯಾರ ಇದ್ದರೆ ಸಾಕು. ಆದರೆ ಇದರ ಫಲಿತಾಂಶವನ್ನು ತಪ್ಪಾಗಿ ತಿಳಿದುಕೊಳ್ಳುವವರೇ ಜಾಸ್ತಿ.

ಕಚ್ಚದ ಕೈಯಿಂದ 2 ಎಂಎಲ್ ರಕ್ತ ತೆಗೆದು ಹೊಸ, ಒಣ ಟ್ಯೂಬಿಗೆ ಹಾಕುತ್ತೇನೆ. ಪ್ಲಾಸ್ಟರ್ ಅಂಟಿಸಿ ಹೆಸರು, ಟೈಮು ಬರೆದು ಸ್ಟ್ಯಾಂಡಿನಲ್ಲಿ ಇಟ್ಟ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಮಧ್ಯೆ ಮಧ್ಯೆ ಅಲ್ಲಾಡಿಸಿ ನೋಡುವವರಿಗೆ ನನ್ನ ಕೈಲಿ ಬೈಗುಳ ಗ್ಯಾರಂಟಿ. 20 ನಿಮಿಷಕ್ಕೆ ಸರಿಯಾಗಿ ಒಂದೇ ಸಲ ಓರೆ ಮಾಡುವುದು. ರಕ್ತ ಗಟ್ಟಿಯಾಗಿ ಕೂತಿದ್ದರೆ ಹೆಪ್ಪುಗಟ್ಟಿದೆ. ನೀರಿನ ಹಾಗೆ ಹರಿದರೆ ಇಲ್ಲ.

ಟ್ಯೂಬಿನ ವಿಷಯದಲ್ಲಿ ನಾನು ತುಂಬಾ ಹಟ ಮಾಡುತ್ತೇನೆ. ಗಾಜು ತಾಗಿದರೇನೇ ರಕ್ತ ಬೇಗ ಹೆಪ್ಪುಗಟ್ಟುವುದು, ಪ್ಲಾಸ್ಟಿಕ್ಕಿನಲ್ಲಿ ಹಾಗಾಗುವುದಿಲ್ಲ. ಸೋಪು ಹಾಕಿ ತೊಳೆದ ಗಾಜೂ ಬೇಡ. ನೇರಳೆ, ನೀಲಿ ಮುಚ್ಚಳದ ಟ್ಯೂಬಿನಲ್ಲಂತೂ ಹೆಪ್ಪುಗಟ್ಟದಿರಲಿ ಅಂತಲೇ ಔಷಧಿ ಹಾಕಿರುತ್ತಾರೆ. ಇಂಥದ್ದರಲ್ಲಿ ರಕ್ತ ಹರಿದರೆ ಅದು ವಿಷದ್ದೋ ಟ್ಯೂಬಿನದ್ದೋ ಹೇಗೆ ಗೊತ್ತಾಗಬೇಕು? ಅನುಮಾನ ಬಂದರೆ ಜೊತೆಗೆ ಬಂದವರನ್ನು ಒಪ್ಪಿಸಿ ಅವರ ರಕ್ತವನ್ನೂ ಅಂಥದ್ದೇ ಟ್ಯೂಬಿನಲ್ಲಿ ಪಕ್ಕಕ್ಕೆ ಇಡುತ್ತೇವೆ. ಅವರದ್ದು ಹೆಪ್ಪುಗಟ್ಟಿ ಇವರದ್ದು ಹರಿದರೆ ಟ್ಯೂಬಿನದ್ದೇನೂ ತಪ್ಪಿಲ್ಲ.

ಹರಿಯಿತು ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕೊಳಕು ಮಂಡಲ. ಅದರ ವಿಷ ರಕ್ತನಾಳದೊಳಗೇ ಹೆಪ್ಪುಗಟ್ಟುವ ಕೆಲಸವನ್ನು ಸಿಕ್ಕಾಪಟ್ಟೆ ಶುರುಮಾಡಿಸಿ, ಅದಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ಖಾಲಿ ಮಾಡಿಬಿಡುತ್ತದೆ. ಆಮೇಲೆ ವಸಡಲ್ಲಿ, ಮೂತ್ರದಲ್ಲಿ, ಸೂಜಿ ಚುಚ್ಚಿದಲ್ಲೆಲ್ಲ ರಕ್ತ. ಡಾಕ್ಟರು ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಔಷಧಿ ಶುರುಮಾಡುತ್ತಾರೆ, ಸಾಮಾನ್ಯವಾಗಿ 10 ವಯಲ್ (ಸಣ್ಣ ಬಾಟಲಿ). ಮಕ್ಕಳಿಗೂ ಅಷ್ಟೇ. ಮಗು ಅಂತ ಹಾವು ವಿಷ ಕಡಿಮೆ ಬಿಡುವುದಿಲ್ಲವಲ್ಲ.

ನಿಜವಾದ ತಲೆನೋವು ಹೆಪ್ಪುಗಟ್ಟಿದಾಗ. "ಅಕ್ಕಾ, ರಕ್ತ ಸರಿ ಇದೆಯಂತಲ್ಲ, ಮನೆಗೆ ಕರ್ಕೊಂಡು ಹೋಗ್ಲಾ?" ಅಂತ ಮಗ ಬ್ಯಾಗು ಹಿಡಿದು ನಿಂತಿರುತ್ತಾನೆ. "ಇಲ್ಲಪ್ಪ, ಈಗ ಸರಿ ಇದೆ ಅಷ್ಟೇ. ಇನ್ನೊಂದು ಗಂಟೆಗೆ ಹೇಗಿರುತ್ತೋ" ಅಂತ ಕೂರಿಸುತ್ತೇನೆ. ವಿಷವೇ ಏರಿಲ್ಲದೆ ಇರಬಹುದು. ಏರಿದ್ದು ಇನ್ನೂ ಕೆಲಸ ಶುರುಮಾಡದೇ ಇರಬಹುದು. ಅದಕ್ಕೇ ಮೊದಲ ಮೂರು ಗಂಟೆ ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ, ಒಂದು ದಿನ ಪೂರ್ತಿ ಇದೇ ಪರೀಕ್ಷೆ.

ಇನ್ನೊಂದಿದೆ. ನಾಗರ, ಕಟ್ಟು ಹಾವಿನ ವಿಷ ಹೋಗುವುದು ನರಗಳ ಮೇಲೆ. ರಕ್ತ ಚೆನ್ನಾಗಿ ಹೆಪ್ಪುಗಟ್ಟಿರುತ್ತದೆ, ಇತ್ತ ಮನುಷ್ಯನ ಉಸಿರೇ ನಿಲ್ಲುತ್ತಾ ಬಂದಿರುತ್ತದೆ. ನೆಲದ ಮೇಲೆ ಮಲಗಿದ್ದವರು ನಡುರಾತ್ರಿ ಹೊಟ್ಟೆನೋವು ಅಂತ ಎದ್ದು ಬಂದರೆ ನಾನು ಟ್ಯೂಬಿಗಿಂತ ಮೊದಲು ಮುಖ ನೋಡುತ್ತೇನೆ. "ಮೇಲೆ ನೋಡಿ" ಅಂದಾಗ ರೆಪ್ಪೆ ಏಳುತ್ತಾ? ಎಂಜಲು ನುಂಗಲು ಆಗುತ್ತಾ? ಕಟ್ಟು ಹಾವು ಕಚ್ಚಿದ ಗುರುತು ಎಷ್ಟೋ ಸಲ ಕಣ್ಣಿಗೂ ಕಾಣುವುದಿಲ್ಲ.

ಎಎಸ್‌ವಿ ಕೊಟ್ಟ ಅರ್ಧ ಗಂಟೆಗೇ "ಮತ್ತೆ ಟೆಸ್ಟ್ ಮಾಡಿ" ಅಂತ ದುಂಬಾಲು ಬೀಳುತ್ತಾರೆ. ಮಾಡಿ ಪ್ರಯೋಜನವಿಲ್ಲ. ಔಷಧಿ ವಿಷವನ್ನು ಕಟ್ಟಿಹಾಕುತ್ತದೆ, ಖರ್ಚಾದ ಸಾಮಗ್ರಿ ಹೊಸದಾಗಿ ಆಗಬೇಕಾದ್ದು ಲಿವರ್‌ನಲ್ಲಿ. ಅದಕ್ಕೆ ಸುಮಾರು ಆರು ಗಂಟೆ ಬೇಕು. ಆಗ ಮಾಡಿದರೂ ಹರಿದರೆ ಡಾಕ್ಟರು ಮತ್ತೆ ಡೋಸ್ ಹಾಕುತ್ತಾರೆ.

ಕೆಲವು ಸಲ ಎಷ್ಟು ಕೊಟ್ಟರೂ ಟ್ಯೂಬು ಹರಿಯುತ್ತಲೇ ಇರುತ್ತದೆ. ಕಾಫಿ ತೋಟದ ತರಗೆಲೆಯಲ್ಲಿ ಮಲಗುವ, ಮೂತಿ ತುದಿ ಮೇಲೆದ್ದ ಸಣ್ಣ ಹಾವೊಂದಿದೆ. ಡಾಕ್ಟರುಗಳು ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುತ್ತಾರೆ. ನಮ್ಮ ಎಎಸ್‌ವಿ ನಾಗರ, ಕಟ್ಟು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ, ಇದಕ್ಕೆ ನಾಟುವುದಿಲ್ಲ. ಆಗ ಜಿಲ್ಲಾಸ್ಪತ್ರೆಗೆ ಕಳಿಸಬೇಕು. ಜೊತೆಗೆ ಹೋಗುವ ಚೀಟಿಯಲ್ಲಿ ಕಚ್ಚಿದ ಟೈಮು, ಪ್ರತಿ ಟ್ಯೂಬ್ ಇಟ್ಟ ಟೈಮು, ಹರಿಯಿತೋ ಇಲ್ಲವೋ, ಕೊಟ್ಟ ವಯಲ್, ಎಷ್ಟು ಮೂತ್ರ ಹೋಗಿದೆ ಎಲ್ಲವನ್ನೂ ಬರೆದು, ಚೀಟಿಯನ್ನು ಆಂಬುಲೆನ್ಸ್‌ನಲ್ಲಿ ಹೋಗುವ ನರ್ಸ್ ಕೈಗೇ ಕೊಡುತ್ತೇನೆ.